ಪದಚರ್ಚೆ: ‘ಓರಲ್ ಡಿಫೆನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಮೈಸೂರಿನ ಕೆಲವು ಪಿಯು ಉಪನ್ಯಾಸಕರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ವಿಷಯ, ಅಮೆರಿಕದಲ್ಲಿ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 2014ರಲ್ಲಿ ಆರಂಭಿಸಿದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಓದು) ಕ್ಯಾಪ್‌ಸ್ಟೋನ್. ಹೈಸ್ಕೂಲು ಮಕ್ಕಳು ಮೊದಲು ಸೆಮಿನಾರ್, ಮರುವರ್ಷ ರಿಸರ್ಚ್ ಎಂಬ ಕೋರ್ಸ್ ಓದುತ್ತಾರೆ. ಎರಡನೆಯದರಲ್ಲಿ ತಾವೇ ಆರಿಸಿಕೊಂಡ ಪ್ರಶ್ನೆಯ ಬೆನ್ನು ಹತ್ತಿ 4,000ದಿಂದ 5,000 ಪದಗಳ ಬರಹ ಸಿದ್ಧಪಡಿಸಬೇಕು. ಆಮೇಲೆ ಮೂವರ ಮುಂದೆ ಅದನ್ನು ವಿವರಿಸಿ, ಅವರು ಕೇಳಿದ್ದಕ್ಕೆ ಉತ್ತರಿಸಬೇಕು. ಎಲ್ಲ ಸೇರಿ 15ರಿಂದ 20 ನಿಮಿಷ.

ಬರಹವನ್ನು ‘ಪ್ರಬಂಧ’ ಎಂದರೆ ಕೆಲಸ ಕೆಡುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಮನೆಯ ಹುಡುಗಿಯನ್ನು ಪ್ರಬಂಧ ಎಂದರೇನು ಎಂದು ಕೇಳಿದೆ. ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ತಲೆಬರಹಗಳಿಗೆ ಅಡಿಗೆರೆ ಎಳೆಯಬೇಕು’ ಎಂದಳು. ‘ಮಹಾಪ್ರಬಂಧ’ ಪಿಎಚ್.ಡಿ.ಗೆ ಮೀಸಲು, ಹದಿನೇಳರ ಹುಡುಗನ ತಲೆಗೆ ಆ ಪೇಟ ದೊಡ್ಡದಾಯಿತು. ‘ಸಂಪ್ರಬಂಧ’ವೇ ವಾಸಿ ಎನ್ನಿಸಿದೆ.

ತೊಡಕಿರುವುದು ಓರಲ್ ಡಿಫೆನ್ಸ್ ಎಂಬ ಕೊನೆಯ ಹಂತದಲ್ಲಿ. ವಿಶ್ವವಿದ್ಯಾನಿಲಯದವರ ಬಾಯಲ್ಲಿ ಅದು ‘ವೈವಾ’, ಕಾಗದದ ಮೇಲೆ ‘ಮೌಖಿಕ ಪರೀಕ್ಷೆ’. ಪರೀಕ್ಷೆ ಎಂದೊಡನೆ ಅಧಿಕಾರವೆಲ್ಲ ಕೇಳುವವನದು. ಇಲ್ಲಿಯಾದರೋ ವಿದ್ಯಾರ್ಥಿಯೇ ಹೊಣೆ ಹೊರಬೇಕು: ಈ ವಿಧಾನವನ್ನೇ ಏಕೆ ಹಿಡಿದೆ, ಮಾಹಿತಿ ಎಲ್ಲಿ ಸಾಲದಾಯಿತು ಎಂದು ಹೇಳಬೇಕು. ‘ಸಮರ್ಥನೆ’ ನಿಘಂಟಿನ ಲೆಕ್ಕದಲ್ಲಿ ಸರಿ. ಆದರೆ ‘ಸಚಿವರು ಸಮರ್ಥಿಸಿಕೊಂಡರು’ ಎಂದು ಪತ್ರಿಕೆಯಲ್ಲಿ ಓದಿದರೆ ಎಲ್ಲೋ ಎಡವಟ್ಟಾಗಿದೆ ಎಂದೇ ನಾವು ತಿಳಿಯುತ್ತೇವೆ. ತನ್ನ ಕೆಲಸದ ಮಿತಿಯನ್ನು ಒಪ್ಪಿಕೊಳ್ಳುವುದಕ್ಕೆ ಆ ಪದದಲ್ಲಿ ಎಡೆಯಿಲ್ಲ.

ನನ್ನ ಒಲವು ‘ಮಂಡನೆ’ಯ ಕಡೆ. ಬಜೆಟ್ ಮಂಡನೆ ಎನ್ನುವಾಗ ಅದು ಬರಿಯ ಮುಂದಿಡುವಿಕೆ, ನಿಜ. ಖಂಡನೆ-ಮಂಡನೆ ಎಂಬ ಜೋಡಿಯಲ್ಲಾದರೆ ಆಕ್ಷೇಪಕ್ಕೆ ಉತ್ತರ ಕೊಟ್ಟು ತನ್ನ ಪಕ್ಷವನ್ನು ನಿಲ್ಲಿಸುವುದು ಎಂದರ್ಥ. ಪಂಡಿತರು ಶಾಸ್ತ್ರವಾದ ನಡೆಸುವ ವಾಕ್ಯಾರ್ಥ ಸಭೆಗಳಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಖಂಡನೆಯನ್ನು ನಾವು ಪ್ರತಿಭಟನೆಯ ಫಲಕಕ್ಕೆ ಬಿಟ್ಟುಕೊಟ್ಟಿದ್ದೇವೆ, ಅದು ಬೇರೆ ಮಾತು.) ಹಾಗಾಗಿ ಪ್ರೆಸೆಂಟೇಷನ್, ಡಿಫೆನ್ಸ್ ಎರಡಕ್ಕೂ ಒಂದೇ ಪದ ಒದಗುತ್ತದೆ. ಆದರೆ ಅಂಕಪಟ್ಟಿಯಲ್ಲಿ ಎರಡನ್ನೂ ಬೇರೆಬೇರೆ ತೋರಿಸಬೇಕಾದಾಗ ಏನು ಮಾಡುವುದು? ‘ಮಂಡನೆ ಮತ್ತು ಸಂವಾದ’ ಎಂದು ನೋಡಿದೆ. ಸಂವಾದ ಎನ್ನುವುದು ವಿಚಾರಗೋಷ್ಠಿಗಳ ಆಹ್ವಾನಪತ್ರಿಕೆಯಲ್ಲಿ ಸವೆದುಹೋಗಿದೆ. ಅಲ್ಲಿ ಯಾರೂ ಯಾರನ್ನೂ ಗಟ್ಟಿಯಾಗಿ ಪ್ರಶ್ನಿಸುವುದಿಲ್ಲ.

ಕಟ್ಟಡದ ತುದಿಗಲ್ಲು ಎಂಬ ಅರ್ಥದ ಕ್ಯಾಪ್‌ಸ್ಟೋನನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಕಳಶ’ ಎಂದರೆ ಕುಂಭಾಭಿಷೇಕದ ಕರಪತ್ರವಾದೀತು.

ವೈವಾ ನಡೆಸಿದ, ಎದುರಿಸಿದ ಅಧ್ಯಾಪಕರು ಬಳಗದಲ್ಲಿ ಹಲವರಿದ್ದೀರಿ. ಪ್ರಶ್ನೋತ್ತರದ ಆ ಭಾಗಕ್ಕೆ ನಿಮ್ಮ ವಿಭಾಗದಲ್ಲಿ ಬಳಕೆಯಲ್ಲಿರುವ ಪದ ಯಾವುದು? ಹೊಸದಾಗಿ ಟಂಕಿಸಿದ್ದು ಬೇಡ, ಬಾಯಲ್ಲಿ ಓಡಾಡಿದ್ದನ್ನೇ ತಿಳಿಸಿ.