ಬಾಹ್ಯಾಕಾಶ ನಿಲ್ದಾಣ ಕಾಣಲೇ ಇಲ್ಲ, ಎಲ್ಲಿ ತಪ್ಪಿದೆ?

ಬಾಹ್ಯಾಕಾಶ ನಿಲ್ದಾಣ ಬರಿಗಣ್ಣಿಗೇ ಕಾಣುತ್ತದೆ ಅಂತ ಓದಿ ಎರಡು ಸಂಜೆ ಕಾದೆ. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಕಂಡದ್ದು ವಿಮಾನವೋ ಏನೋ. ಟೆಲಿಸ್ಕೋಪ್ ಕೊಳ್ಳಬೇಕಾ? ನೀವೆಲ್ಲ ಹೇಗೆ ಶುರು ಮಾಡಿದಿರಿ?

•

ಟೆಲಿಸ್ಕೋಪ್ ಸದ್ಯಕ್ಕೆ ಬೇಡ. ಮೊದಲು ಮೊಬೈಲ್ ಕವರ್ ನೋಡಿ. ತಮಾಷೆ ಅಲ್ಲ. ನನ್ನ ಕವರ್‌ನಲ್ಲಿ ಪುಟ್ಟ ಅಯಸ್ಕಾಂತ ಇತ್ತು, ನಿಲ್ದಾಣ ಯಾವಾಗ, ಯಾವ ಕಡೆ ಬರುತ್ತದೆ ಅಂತ ತೋರಿಸುವ ಆ್ಯಪ್‌ನ ದಿಕ್ಸೂಚಿ ವಾಯುವ್ಯವನ್ನೇ ಉತ್ತರ ಅಂತ ತೋರಿಸುತ್ತಿತ್ತು. ಮೂರು ಸಂಜೆ ನಿಲ್ದಾಣ ನನ್ನ ಬೆನ್ನ ಹಿಂದೆ ಹೋಗಿದೆ!

ಆಮೇಲೆ ಆ್ಯಪ್‌ನಲ್ಲಿ ಎತ್ತರದ ಅಂಕಿ ನೋಡಿ, ಅಂದರೆ ದಿಗಂತದಿಂದ ಎಷ್ಟು ಡಿಗ್ರಿ ಮೇಲೆ ಅಂತ. 20 ಡಿಗ್ರಿಗಿಂತ ಕಡಿಮೆ ಇದ್ದರೆ ಮರ, ಮನೆ, ಮಬ್ಬಿನಲ್ಲೇ ಮುಗಿದುಹೋಗುತ್ತದೆ. 40ಕ್ಕಿಂತ ಜಾಸ್ತಿ ಇರುವ ದಿನ ಆರಿಸಿಕೊಳ್ಳಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹೆಚ್ಚುಕಡಿಮೆ 10 ಡಿಗ್ರಿ. ಆ್ಯಪ್‌ನ ಮಾಹಿತಿ ಹಳೆಯದಾಗಿರಬಾರದು. ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುತ್ತಿರುತ್ತಾರೆ, ಆಗ ಹಳೆ ಲೆಕ್ಕದ ಸಮಯ ತಪ್ಪುತ್ತದೆ.

ವಿಮಾನ ಮಿಣುಕುತ್ತದೆ, ಇದು ಮಿಣುಕುವುದಿಲ್ಲ. ಪಶ್ಚಿಮದ ಕಡೆಯಿಂದ ಹುಟ್ಟಿ ಪೂರ್ವದ ಕಡೆಗೆ ಸದ್ದಿಲ್ಲದೆ ಜಾರುತ್ತದೆ. ಸುಮಾರು 400 ಕಿ.ಮೀ. ಮೇಲೆ ಇನ್ನೂ ಬಿಸಿಲು, ನಮಗೆ ಕತ್ತಲು. ಅದಕ್ಕೇ ಸಂಜೆ ಮತ್ತು ಮುಂಜಾನೆಯ ಆಟ ಇದು. ಸಂಜೆ ಹೊತ್ತು ಆಕಾಶದ ಮಧ್ಯದಲ್ಲೇ ಕೆಂಪಗಾಗಿ ಆರಿಹೋದರೆ ಗಾಬರಿ ಬೇಡ, ಭೂಮಿಯ ನೆರಳಿಗೆ ಹೋಯಿತು ಅಷ್ಟೇ. ನನಗೆ ಈಗಲೂ ಇಡೀ ಹಾದಿಗಿಂತ ಆ ಕೊನೆಯ ಹತ್ತು ಸೆಕೆಂಡ್ ಇಷ್ಟ.

•

ಟೆಲಿಸ್ಕೋಪ್ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೌರಫಲಕಗಳ ಆಕಾರ ಕಂಡಾಗಿನ ಖುಷಿಯೇ ಬೇರೆ. ಆದರೆ ನೆತ್ತಿಯ ಮೇಲೆ ಅದು ಸೆಕೆಂಡಿಗೆ ಒಂದು ಡಿಗ್ರಿ ಓಡುತ್ತದೆ, ಕೈಯಲ್ಲಿ ತಳ್ಳುತ್ತಾ ಹಿಂಬಾಲಿಸಬೇಕು. ನೂರಾರು ಫ್ರೇಮ್‌ನಲ್ಲಿ ನನಗೆ ನೆಟ್ಟಗೆ ಸಿಕ್ಕಿದ್ದು ಎರಡೋ ಮೂರೋ. ಹೊಸಬರಿಗೆ 10x50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಅದರಲ್ಲಿ ಉರುಳಾಡುವ ಹಳೇ ರಾಕೆಟ್ ಹಂತ, ಅಂದರೆ ಕೆಲಸ ಮುಗಿದು ಮೇಲೇ ಸುತ್ತುತ್ತಿರುವ ರಾಕೆಟ್ ತುಂಡು, ಹುಡುಕಿ. ಫಳ್ ಅಂತ ಹೊಳೆಯುತ್ತದೆ, ಮಾಯವಾಗುತ್ತದೆ, ಮತ್ತೆ ಫಳ್. ಹೊಳಪಿನ ನಡುವಿನ ಸೆಕೆಂಡ್ ಎಣಿಸುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

•

ಮೋಡ ಇದ್ದರೆ ಕಿವಿ ಇದೆ ಅಲ್ವಾ? ನಿಲ್ದಾಣದ ಹ್ಯಾಮ್ ರೇಡಿಯೋ (ಹವ್ಯಾಸಿಗಳ ರೇಡಿಯೋ) 145.800 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಕೇಳುವುದಕ್ಕೆ ಸಾದಾ ಕೈ ರೇಡಿಯೋ ಸಾಕು. ಕೆಲವು ದಿನ ಮಾತ್ರ ಧ್ವನಿಯ ರೂಪದಲ್ಲಿ ಚಿತ್ರ ಕಳಿಸುತ್ತಾರೆ, ಒಂದಕ್ಕೆ ಸುಮಾರು ಎರಡು ನಿಮಿಷ. ನನ್ನ ಮೊದಲ ಚಿತ್ರ ಅರ್ಧ ಚಿತ್ರ, ಅರ್ಧ ಬರೀ ಚುಕ್ಕಿ. ಆಂಟೆನಾವನ್ನು ನಿಲ್ದಾಣದ ಜೊತೆ ತಿರುಗಿಸದೆ ಸುಮ್ನೆ ನಿಂತಿದ್ದೆ.

•

ಕೇಳಿದವನು ನಾನೇ. ಕವರ್ ತೆಗೆದೆ, ನಿನ್ನೆ ಸಂಜೆ ಸಿಕ್ಕಿತು! ಆದರೆ ಸ್ವಲ್ಪ ಹಿಂದೆ ಅದೇ ದಾರಿಯಲ್ಲಿ ಇನ್ನೊಂದು ಮಂಕು ಚುಕ್ಕಿ ಬಂತು. ಅದೇನು?

•

ನಿನ್ನೆ ಸರಕು ನೌಕೆ ಏನಾದರೂ ಬಂತಾ, ಹೊರಟಿತಾ ನೋಡಿ. ನೌಕೆ ನಿಲ್ದಾಣಕ್ಕೆ ಜೋಡಣೆಯಾಗುವ ಹಿಂದುಮುಂದಿನ ದಿನಗಳಲ್ಲಿ ಹಾಗೆ ಕಾಣುತ್ತದೆ. ನಾನು ನಾಲ್ಕು ವರ್ಷದಲ್ಲಿ ಒಂದೇ ಸಲ ನೋಡಿದ್ದು, ಹೊಟ್ಟೆಕಿಚ್ಚಾಗುತ್ತಿದೆ.