ಸಹಾಯ ಬೇಕು: ‘ಮೂನ್‌ವಾಕ್’ ಪುಸ್ತಕದ ಕಿತ್ತುಹೋದ ಹಾಳೆಗಳು

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನೆಲೆಸಿರುವ ನಾನು ಮೈಕೆಲ್ ಜಾಕ್ಸನ್ ಅವರ ಬಹುಕಾಲದ ಅಭಿಮಾನಿ. 1988ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಮೂನ್‌ವಾಕ್’ನ ಹಳೆಯ ಪ್ರತಿಯೊಂದು ಕಳೆದ ತಿಂಗಳು ಮುಂಬಯಿಯ ಫೋರ್ಟ್ ಪ್ರದೇಶದ ಫುಟ್‌ಪಾತ್ ಅಂಗಡಿಯಲ್ಲಿ ಸಿಕ್ಕಿತು, ಲೋಕಲ್ ರೈಲಿನಲ್ಲಿ ದಿನಕ್ಕೆ ಹತ್ತು ಪುಟದಂತೆ ಓದುತ್ತಿದ್ದೇನೆ. ಬಾಲಕನಾಗಿದ್ದಾಗ ಹಾಡಲು ಹೋಗುತ್ತಿದ್ದ ರೆಕಾರ್ಡಿಂಗ್ ಸ್ಟುಡಿಯೋದ ಎದುರಿನ ಪಾರ್ಕಿನಲ್ಲಿ ಆಡುತ್ತಿದ್ದ ಮಕ್ಕಳನ್ನು ಕಂಡು ತಾನು ಅಳುತ್ತಿದ್ದುದನ್ನು ಅವರು ಬರೆದಿರುವ ಭಾಗವನ್ನು ಓದಿದ ಮೇಲೆ, ಇಷ್ಟು ವರ್ಷ ಕೇಳಿದ ಆ ಬಾಲಧ್ವನಿಯೇ ನನಗೆ ಬೇರೆಯಾಗಿ ಕೇಳಿಸುತ್ತಿದೆ.

1983ರಲ್ಲಿ ನಡೆದ, ಮೋಟೌನ್ ಎಂಬ ಸಂಗೀತ ಸಂಸ್ಥೆಯ ಬೆಳ್ಳಿಹಬ್ಬದ ಕಾರ್ಯಕ್ರಮದ ಹಿಂದಿನ ರಾತ್ರಿ ಅವರು ಅಡುಗೆಮನೆಯಲ್ಲಿ ‘ಬಿಲ್ಲಿ ಜೀನ್’ ಹಾಡನ್ನು ಜೋರಾಗಿ ಹಾಕಿಕೊಂಡು ನೃತ್ಯದ ಹೆಜ್ಜೆಗಳನ್ನು ಕಂಡುಕೊಂಡ ಪ್ರಸಂಗದವರೆಗೆ ನನ್ನ ಪ್ರತಿ ಸರಿಯಾಗಿದೆ. ಅಲ್ಲಿಂದ ಮುಂದಿನ ಕೆಲವು ಹಾಳೆಗಳು ಕಿತ್ತುಹೋಗಿದ್ದು, ಬೆನ್ನಿನಲ್ಲಿ ಒಣಗಿದ ಗೋಂದು ಮಾತ್ರ ಉಳಿದಿದೆ. ಪುಸ್ತಕಕ್ಕೆ ಹೆಸರು ಕೊಟ್ಟ ‘ಮೂನ್‌ವಾಕ್’ ಹೆಜ್ಜೆ, ಅಂದರೆ ಮುಂದೆ ನಡೆಯುವಂತೆ ತೋರುತ್ತಲೇ ಹಿಂದಕ್ಕೆ ಜಾರುವ ಆ ನೃತ್ಯದ ಹೆಜ್ಜೆ, ವೇದಿಕೆಗೆ ಬಂದ ಸಂಜೆಯನ್ನೇ ಓದಲಾಗದಿರುವುದು ಬಹಳ ನೋವಿನ ಸಂಗತಿ.

ಮುಂಬಯಿ, ಠಾಣೆ ಅಥವಾ ಪುಣೆಯ ಕನ್ನಡಿಗರಲ್ಲಿ ಯಾರ ಬಳಿಯಾದರೂ ಈ ಪುಸ್ತಕವಿದ್ದರೆ, 2009ರ ಮರುಮುದ್ರಣವಾದರೂ ಸರಿ, ಒಂದು ವಾರದ ಮಟ್ಟಿಗೆ ಓದಲು ಕೊಡಬೇಕೆಂದು ವಿನಂತಿಸುತ್ತೇನೆ. ನಾನೇ ಬಂದು ಪಡೆದು, ಹೊದಿಕೆ ಹಾಕಿ ಹಿಂದಿರುಗಿಸುತ್ತೇನೆ. 1996ರ ನವೆಂಬರ್ 1ರಂದು ಅಂಧೇರಿಯಲ್ಲಿ ನಡೆದ ಅವರ ಕಾರ್ಯಕ್ರಮವನ್ನು ಕಣ್ಣಾರೆ ಕಂಡ ಹಿರಿಯರು ಇಲ್ಲಿದ್ದರೆ, ಆ ಹೆಜ್ಜೆ ದೂರದಿಂದ ಹೇಗೆ ಕಾಣಿಸಿತು ಎಂಬುದನ್ನೂ ದಯವಿಟ್ಟು ಬರೆಯಿರಿ.