ನೈಟ್ರೊ ಟ್ರಕ್: ಎಂಜಿನ್ ಕಿರುಚುತ್ತೆ ಆದ್ರೆ ಗಾಡಿ ಎಳೆಯಲ್ಲ, ಐಡಲ್‌ನಲ್ಲಿ ಮಾತ್ರ ತಾನಾಗೇ ತೆವಳುತ್ತೆ

ಹೊಗೆಗಾಡಿ:
ರಿಮೋಟ್‌ನಲ್ಲಿ ಓಡಿಸೋ, ನೈಟ್ರೊ ಇಂಧನದ 1/8 ಸ್ಕೇಲ್ ಮಾನ್‌ಸ್ಟರ್ ಟ್ರಕ್, 3.5 ಸಿಸಿ ಎಂಜಿನ್, ಮೂರು ಅಲ್ಯೂಮಿನಿಯಂ ಶೂಗಳ ಕ್ಲಚ್ (ಎಂಜಿನ್ ವೇಗ ಏರಿದಾಗ ಫ್ಲೈವೀಲ್ ಮೇಲಿನ ಶೂಗಳು ಹೊರಗೆ ಚಾಚಿ, ಸುತ್ತಲಿನ ಬಟ್ಟಲಿನಂಥ ಬೆಲ್ಲನ್ನು ಹಿಡಿದು ತಿರುಗಿಸೋದು), 1.0 ಮಿ.ಮೀ. ಸ್ಪ್ರಿಂಗ್. ಹಗ್ಗ ಎಳೆಯೋ ಪುಲ್ ಸ್ಟಾರ್ಟ್ ಇಲ್ಲ, ಕೆಳಗಿನಿಂದ ಫ್ಲೈವೀಲ್ (ಎಂಜಿನ್ ಶಾಫ್ಟ್ ಮೇಲಿನ ಚಕ್ರ) ತಿರುಗಿಸೋ ಸ್ಟಾರ್ಟರ್ ಬಾಕ್ಸ್.

ತೊಂದರೆಗಳು ಇವು. ಫುಲ್ ಥ್ರಾಟಲ್ ಕೊಟ್ಟರೆ ಎಂಜಿನ್ ಇದ್ದಕ್ಕಿದ್ದಂತೆ ಕಿರುಚುತ್ತೆ, ಟ್ರಕ್ ಮಾತ್ರ ಸೋಮಾರಿ. ಗಾಡಿ ತಣ್ಣಗಿದ್ದಾಗ ಐಡಲ್‌ನಲ್ಲಿ (ಥ್ರಾಟಲ್ ಬಿಟ್ಟಾಗ) ಸರಿಯಾಗಿ ನಿಲ್ಲುತ್ತೆ, ಅರ್ಧ ಟ್ಯಾಂಕ್ ಓಡಿದ ಮೇಲೆ ತಾನಾಗೇ ಮುಂದೆ ತೆವಳುತ್ತೆ, ಬ್ರೇಕ್ ಹಿಡಿದರೆ ಎಂಜಿನ್ ಆಫ್. ಕೆಲವೊಮ್ಮೆ ಸ್ಟಾರ್ಟರ್ ಬಾಕ್ಸ್ ಮೇಲಿಟ್ಟರೆ ಫ್ಲೈವೀಲ್ ತಿರುಗುತ್ತೆ, ಎಂಜಿನ್ ಶಬ್ದ ಬರಲ್ಲ. ಬೆಲ್ ಹೊರಗಡೆ ನೀಲಿ ಬಣ್ಣಕ್ಕೆ ತಿರುಗಿದೆ. ಶೂ, ಸ್ಪ್ರಿಂಗ್ ಎರಡೂ ಹೊಸದು ಹಾಕಿಯೂ ವ್ಯತ್ಯಾಸ ಇಲ್ಲ. ಇನ್ನು ಗಟ್ಟಿ ಸ್ಪ್ರಿಂಗ್ ಹಾಕಲಾ?

ಟಿಡಿಸಿ:
ಸ್ಪ್ರಿಂಗ್ ಸದ್ಯ ಮುಟ್ಟಬೇಡಿ. ನಿಮಗಿರೋದು ಒಂದು ತೊಂದರೆ ಅಲ್ಲ, ಎರಡು. ಎಳೆಯದೇ ಇರೋದು ಬೇರೆ, ತೆವಳೋದು ಬೇರೆ. ಎರಡನ್ನೂ ಶೂ ತಲೆಗೆ ಕಟ್ಟಿದ್ದರಿಂದ ಹೊಸ ಶೂ ಹಾಕಿದ್ದು ದಂಡ ಆಯ್ತು.

ಬಾಕ್ಸ್ ಮೇಲೆ ಫ್ಲೈವೀಲ್ ತಿರುಗಿ ಪಿಸ್ಟನ್ ಆಡದಿದ್ದರೆ ಕ್ಲಚ್‌ಗೂ ಅದಕ್ಕೂ ಸಂಬಂಧ ಇಲ್ಲ, ಫ್ಲೈವೀಲೇ ಶಾಫ್ಟ್ ಮೇಲೆ ಜಾರ್ತಾ ಇದೆ. ಫ್ಲೈವೀಲ್‌ಗೂ ಕ್ರ್ಯಾಂಕ್‌ಶಾಫ್ಟ್‌ಗೂ ಕೀಲಿ ಏನೂ ಇರಲ್ಲ. ಸೀಳಿರುವ ಕೋನ್ ಆಕಾರದ ಕೊಲೆಟ್ ಶಾಫ್ಟನ್ನು ಅಪ್ಪಿ ಹಿಡಿಯುತ್ತೆ, ನಟ್ ಬಿಗಿ ಮಾಡಿದಾಗ ಫ್ಲೈವೀಲ್ ಆ ಕೋನ್ ಮೇಲೆ ಏರಿ ಕೂರುತ್ತೆ. ಹಿಡಿತ ಪೂರ್ತಿ ಘರ್ಷಣೆಯದ್ದೇ. ಅಲ್ಲಿ ಎಣ್ಣೆ ಸೇರಿದರೆ ಮುಗೀತು.

ಖಚಿತ ಮಾಡ್ಕೊಳ್ಳೋಕೆ ಬೆಲ್ ಬಿಚ್ಚಿ, ನಟ್ ಮೇಲಿಂದ ಫ್ಲೈವೀಲ್ ಮೇಲೆ ಹಾದು ಹೋಗುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಗ್ಲೋ ಪ್ಲಗ್ ಹಾಕಿರಲಿ, ಅದನ್ನು ಕಾಯಿಸೋ ಇಗ್ನೈಟರ್ ಮಾತ್ರ ಬೇಡ. ಕೈಗವಸು ಹಾಕಿ ಫ್ಲೈವೀಲನ್ನು ಕೈಯಲ್ಲೇ ತಿರುಗಿಸಿ, ಎಕ್ಸಾಸ್ಟ್ ಪೋರ್ಟ್‌ನಿಂದ ಪಿಸ್ಟನ್ ನೋಡ್ತಾ ಇರಿ. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಬಿಗಿ ಬರಬೇಕು. ಬಿಗಿ ಬಂದಲ್ಲಿ ಪಿಸ್ಟನ್ ನಿಂತು ಫ್ಲೈವೀಲ್ ಮುಂದೆ ಹೋದರೆ ಅಥವಾ ಗೆರೆ ಒಡೆದರೆ ಕೊಲೆಟ್ ಹಿಡಿತಿಲ್ಲ.

ಬಿಚ್ಚುವಾಗ ಎಕ್ಸಾಸ್ಟ್ ಪೋರ್ಟ್‌ಗೆ ಸ್ಕ್ರೂಡ್ರೈವರ್ ತುರುಕಿ ಪಿಸ್ಟನ್ ತಡೆಯೋ ಚಾಳಿ ಬೇಡ, ಪಿಸ್ಟನ್ ಅಂಚು, ಸ್ಲೀವ್ ಎರಡೂ ಹಾಳು. ಫ್ಲೈವೀಲ್ ಹಿಡಿಯೋ ವ್ರೆಂಚ್ ಬಳಸಿ. ಫ್ಲೈವೀಲ್ ಕೋನ್‌ಗೆ ಕಚ್ಚಿಕೊಂಡಿದ್ದರೆ ಪುಲ್ಲರ್ ಹಾಕಿ ಎಳೆಯಿರಿ. ಶಾಫ್ಟ್ ತುದಿಗೆ ಸುತ್ತಿಗೆ ತಾಗಿಸಿದರೆ ಥ್ರೆಡ್ ಹೋಗುತ್ತೆ, ಕ್ರ್ಯಾಂಕ್ ಬಾಗಲೂಬಹುದು.

ಶಾಫ್ಟ್, ಕೊಲೆಟ್‌ನ ಒಳಗೂ ಹೊರಗೂ, ಫ್ಲೈವೀಲ್ ತೂತು, ನಾಲ್ಕೂ ಕಡೆ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್‌ನಿಂದ ಒಣ ಬಟ್ಟೆಗೆ ಜಿಡ್ಡು ಹತ್ತದಷ್ಟು ಒರೆಸಿ. ಎಂಜಿನ್ ತಣ್ಣಗಾಗಿರಲಿ, ಕ್ಲೀನರ್ ಬೆಂಕಿ ಹಿಡಿಯೋ ವಸ್ತು. ಅದನ್ನು ನೇರ ಸ್ಪ್ರೇ ಮಾಡಬೇಡಿ, ಬಟ್ಟೆಗೆ ಹಾಕಿ ಒರೆಸಿ. ಸ್ಪ್ರೇ ಎಂಜಿನ್‌ನ ಫ್ರಂಟ್ ಬೇರಿಂಗ್‌ಗೆ ನುಗ್ಗಿದರೆ ಅಲ್ಲಿರುವ ಎಣ್ಣೆಯನ್ನೂ ತೊಳೆದುಬಿಡುತ್ತೆ. ಕೊಲೆಟ್‌ನ ದಪ್ಪ ತುದಿ ಎಂಜಿನ್ ಕಡೆ, ಸಣ್ಣ ತುದಿ ಹೊರಗಡೆ. ಟೇಪರ್‌ಗೆ (ಕೊಲೆಟ್‌ನ ಇಳಿಜಾರು ಮೈಗೆ) ಥ್ರೆಡ್‌ಲಾಕ್, ಅಂದ್ರೆ ಸ್ಕ್ರೂ ಸಡಿಲವಾಗದಂತೆ ಹಾಕೋ ಅಂಟು, ಹಚ್ಚಬೇಡಿ, ಆ ಮೈ ಏನೂ ಹಚ್ಚದೆ ಒಣದಾಗಿಯೇ ಕೂರಬೇಕು. ಕೊಲೆಟ್ ಮೇಲೆ ಸುತ್ತಲೂ ಗೀರು ಬಿದ್ದಿದ್ದರೆ ಹೊಸದು ಹಾಕಿ, ಫ್ಲೈವೀಲ್ ತೂತಲ್ಲೂ ಗೀರಿದ್ದರೆ ಎರಡನ್ನೂ ಬದಲಿಸಿ.

ಸ್ಪರ್‌ಗೇರ್:
ಟಿಡಿಸಿ ಹೇಳಿದ್ದಕ್ಕೆ ಒಂದು ಸೇರ್ಪಡೆ. ಎಂಜಿನ್ ತಿರುಗೋದು ಫ್ಲೈವೀಲ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಸ್ಟಾರ್ಟರ್ ಬಾಕ್ಸ್ ಫ್ಲೈವೀಲನ್ನು ಅದೇ ದಿಕ್ಕಿಗೆ ತಳ್ಳುತ್ತೆ, ಕಂಪ್ರೆಶನ್‌ನಿಂದ ಕ್ರ್ಯಾಂಕ್ ನಿಂತಿರುತ್ತೆ. ಅಂದ್ರೆ ಬಾಕ್ಸ್ ಮೇಲೆ ಫ್ಲೈವೀಲ್ ಜಾರಿದಾಗಲೆಲ್ಲ ನಟ್ಟನ್ನು ಸಡಿಲ ಮಾಡೋ ದಿಕ್ಕಿಗೇ ಎಳೆಯುತ್ತೆ. ಒಮ್ಮೆ ಜಾರಿದ್ದು ಬರಬರುತ್ತಾ ಹೆಚ್ಚಾಗೋದು ಇದಕ್ಕೇ. ಎಂಜಿನ್ ಫ್ಲಡ್ ಆಗಿ (ಒಳಗೆ ಇಂಧನ ತುಂಬಿ) ಲಾಕ್ ಆಗಿದ್ದಾಗ ಬಾಕ್ಸ್ ಮೇಲೆ ಒತ್ತಿ ಹಿಡಿಯಬೇಡಿ. ಪ್ಲಗ್ ತೆಗೆದು, ಟ್ರಕ್ಕನ್ನು ತಲೆಕೆಳಗೆ ಹಿಡಿದು ಇಂಧನ ಹೊರಹಾಕಿ, ಆಮೇಲೆ ಸ್ಟಾರ್ಟ್ ಮಾಡಿ.

ಈಗ ತೆವಳುವ ವಿಷಯ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತೆವಳುತ್ತೆ ಅಂದ್ರೆ ನನ್ನ ಅನುಮಾನ ಮೊದಲು ಬೆಲ್ ಬೇರಿಂಗ್, ಆಮೇಲೆ ಶಿಮ್ (ಸಂದು ತುಂಬೋ ತೆಳು ಉಂಗುರ). ಬೆಲ್ ತಿರುಗೋದು ನಟ್‌ನ ಮುಂದಿನ ಕಡ್ಡಿಯ ಮೇಲೆ, ಎರಡು ಬೇರಿಂಗ್‌ಗಳಲ್ಲಿ (ಸಾಮಾನ್ಯವಾಗಿ 5x10x4, ಕೆಲವು ಕಿಟ್‌ಗಳಲ್ಲಿ 5x11x4, ಕೊಳ್ಳುವ ಮುಂಚೆ ಅಳೆಯಿರಿ). ಇಡೀ ಗಾಡಿಯಲ್ಲಿ ಅತಿ ಹೆಚ್ಚು ಬಿಸಿ ತಿನ್ನೋ ಬೇರಿಂಗ್ ಅವೇ. ಗ್ರೀಸ್ ಸುಟ್ಟುಹೋದರೆ ಬೇರಿಂಗ್ ಅರ್ಧ ಕಚ್ಚಿಕೊಂಡು, ಶೂ ಮುಟ್ಟದಿದ್ದರೂ ಬೆಲ್ಲನ್ನು ಶಾಫ್ಟ್ ಜೊತೆ ಎಳೆದುಕೊಂಡು ಹೋಗುತ್ತೆ. ಬ್ರೇಕ್ ಹಿಡಿದಾಗ ಎಂಜಿನ್ ಆಫ್ ಆಗೋದು ಅದರಿಂದಲೇ. ಬೆಲ್ ನೀಲಿಯಾಗಿರೋದಕ್ಕೂ ಇದೇ ಕಾರಣ ಇರಬಹುದು.

ಪರೀಕ್ಷೆ ಸುಲಭ: ಸ್ಪರ್ ಗೇರ್‌ನಿಂದ (ಬೆಲ್ ಹಲ್ಲು ತಿರುಗಿಸೋ ದೊಡ್ಡ ಗೇರ್) ಎಂಜಿನ್ ಹಿಂದಕ್ಕೆ ಸರಿಸಿ ಬೆಲ್ಲನ್ನು ಬೆರಳಲ್ಲಿ ತಿರುಗಿಸಿ. ಮರಳು ಸಿಕ್ಕಿದಂತೆ ಕರಕರ ಅಂದರೆ ಅಥವಾ ಬೆರಳು ಬಿಟ್ಟ ತಕ್ಷಣ ನಿಂತರೆ ಬೇರಿಂಗ್ ಬದಲಿಸಿ. ಇದನ್ನು ಗಾಡಿ ಓಡಿಸಿ ಬಂದ ಕೂಡಲೇ, ಎಂಜಿನ್ ಆಫ್ ಮಾಡಿ, ಬಿಸಿ ಇರುವಾಗಲೂ ಮಾಡಿ (ಕೈ ಜೋಪಾನ). ತಣ್ಣಗಾದ ಮೇಲೆ ಎಷ್ಟೋ ಬೇರಿಂಗ್‌ಗಳು ಒಳ್ಳೆಯವರ ಹಾಗೆ ನಟಿಸುತ್ತವೆ.

ಶಿಮ್ ಹಾಕುವಾಗ ಬೆಲ್ ಹಿಂದೆ ಮುಂದೆ ಆಡುವ ಜಾಗ 0.2ರಿಂದ 0.5 ಮಿ.ಮೀ. ಒಳಗೆ ಇರಲಿ. ಪೂರ್ತಿ ಬಿಗಿ ಮಾಡಿದರೆ ಬಿಸಿಗೆ ಹಿಗ್ಗಿ ಕಚ್ಚುತ್ತೆ. ತೀರಾ ಸಡಿಲ ಬಿಟ್ಟರೆ ಬೆಲ್ ಅಂಚು ಫ್ಲೈವೀಲ್‌ಗೆ ಉಜ್ಜುತ್ತೆ. ಶಿಮ್ 5x7 ಅಳತೆಯದ್ದೇ ಆಗಿರಬೇಕು, ಬೇರಿಂಗ್‌ನ ಒಳ ರಿಂಗಿಗೆ ಮಾತ್ರ ತಾಗಬೇಕು. ಅಗಲದ ವಾಷರ್ ಹಾಕಿದರೆ ಅದು ಬೇರಿಂಗ್ ಶೀಲ್ಡ್‌ಗೆ ಒತ್ತಿ ಬ್ರೇಕಿನಂತೆ ಕೆಲಸ ಮಾಡುತ್ತೆ.

ಹೊಗೆಗಾಡಿ:
ಇಬ್ಬರಿಗೂ ಥ್ಯಾಂಕ್ಸ್ ಸರ್. ಬಿಚ್ಚಿ ನೋಡಿದೆ. ಗೆರೆ ಒಡೆದಿತ್ತು, ಕೊಲೆಟ್ ಪೂರ್ತಿ ಎಣ್ಣೆ. ಬೆಲ್‌ನ ಒಳಗಿನ ಬೇರಿಂಗ್ ಕರಕರ, ಅದರ ಹಿಂದೆ ಇದ್ದದ್ದು ಶಿಮ್ ಅಲ್ಲ, ಅಗಲದ ಮಾಮೂಲಿ ವಾಷರ್. ಶೂ ಮುಖ ಕನ್ನಡಿಯಂತೆ ಹೊಳೀತಿದೆ, ಹೊಸದೇ ಆದರೂ. ಅದನ್ನು ಉಜ್ಜಬಹುದಾ? ಮತ್ತೆ ಶೂ ಕೂರಿಸೋ ದಿಕ್ಕು ಯಾವುದು ಸರಿ?

ಟಿಡಿಸಿ:
ಉಜ್ಜಬಹುದು. 220ರಿಂದ 400ರ ಉಜ್ಜು ಕಾಗದವನ್ನು ಸಪಾಟು ಗಾಜಿನ ಮೇಲೆ ಇಟ್ಟರೆ ಶೂವಿನ ಬಾಗು ಹೋಗುತ್ತೆ, ಹಾಗಾಗಿ ಬೆರಳಿಗೆ ಕಾಗದ ಸುತ್ತಿ ಹಗುರಾಗಿ ಹೊಳಪು ತೆಗೆದರೆ ಸಾಕು. ಬೆಲ್ ಒಳಗೂ ಅಷ್ಟೇ. ಉಗುರಿಗೆ ಸಿಗುವಷ್ಟು ಮೆಟ್ಟಿಲು ಬಿದ್ದಿದ್ದರೆ, ಕೂದಲೆಳೆ ಬಿರುಕು ಕಂಡರೆ ಬೆಲ್ ಬದಲಿಸಿ. ಶೂ, ಸ್ಪ್ರಿಂಗ್ ಯಾವಾಗಲೂ ಮೂರೂ ಒಟ್ಟಿಗೆ. ನೀಲಿಯಾಗೋಷ್ಟು ಬಿಸಿ ಕಂಡ ಸ್ಪ್ರಿಂಗ್ ಕಸುವು ಕಳೆದುಕೊಂಡಿರುತ್ತೆ, ಹೊಸದಾದರೂ ಇನ್ನೊಂದು ಸೆಟ್ ಹಾಕಿ.

ದಿಕ್ಕು: ಶೂವಿನ ಪಿನ್ ತಿರುಗುವ ದಿಕ್ಕಿನಲ್ಲಿ ಮುಂದೆ, ಬಿಡಿ ತುದಿ ಹಿಂದೆ ಇದ್ದರೆ ಕ್ಲಚ್ ಮೆತ್ತಗೆ ಹಿಡಿಯುತ್ತೆ. ಉಲ್ಟಾ ಹಾಕಿದರೆ ಬೆಲ್‌ನ ಘರ್ಷಣೆಯೇ ಶೂವನ್ನು ಇನ್ನಷ್ಟು ಹೊರಗೆ ಒತ್ತುತ್ತೆ, ಫಟ್ಟನೆ ಕಚ್ಚುತ್ತೆ, ಬೇಗ ಸವೆಯುತ್ತೆ. ಭಾರದ ಟ್ರಕ್‌ಗೆ ನಾನು ಮೊದಲನೆಯದನ್ನೇ ಹೇಳ್ತೀನಿ.

ಸ್ಪರ್‌ಗೇರ್:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೊಡ್ಡ ಟೈರ್, ಭಾರದ ಟ್ರಕ್‌ನಲ್ಲಿ ಮೆತ್ತಗೆ ಹಿಡಿಯೋ ಕ್ಲಚ್ ಜಾಸ್ತಿ ಹೊತ್ತು ಜಾರಿ ಬಿಸಿಯಾಗುತ್ತೆ. ಪಿನ್ ಮುಂದೆ ಇಟ್ಟೇ ಹಾಕಿ, ಆದ್ರೆ ಬೆಲ್ ಹಲ್ಲು ಒಂದೆರಡು ಕಡಿಮೆ ಇರೋದು ತಗೊಳ್ಳಿ. ವೇಗದ ಆಸೆಗೆ ಹಲ್ಲು ಹೆಚ್ಚಿಸಿದವರ ಕ್ಲಚ್‌ಗಳೇ ಮೊದಲು ಸುಡೋದು.

ಬೆಲ್ ಹಿಡಿಯೋ 3 ಮಿ.ಮೀ. ಸ್ಕ್ರೂಗೆ ಮಧ್ಯಮ ಥ್ರೆಡ್‌ಲಾಕ್ ಒಂದೇ ಹನಿ, ಥ್ರೆಡ್‌ನ ತುದಿಗೆ ಮಾತ್ರ. ಜಾಸ್ತಿಯಾದರೆ ಹೊಸ ಬೇರಿಂಗ್ ಒಳಗೇ ಹರಿದು ಗಟ್ಟಿಯಾಗುತ್ತೆ. ಗೇರ್ ಮೆಶ್‌ಗೆ (ಹಲ್ಲುಗಳು ಎಷ್ಟು ಬಿಗಿ ಕೂಡಬೇಕು ಅನ್ನೋದಕ್ಕೆ) ಬೆಲ್, ಸ್ಪರ್ ಎರಡು ಗೇರ್‌ಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಎಂಜಿನ್ ಬಿಗಿ ಮಾಡಿ, ಕಾಗದ ಎಳೆದು, ಸ್ಪರ್ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಬಿಗಿ ಇಲ್ಲ ಅಂತ ನೋಡಿ. ಮೆಶ್ ಬಿಗಿಯಾದರೂ ಬೆಲ್ ಬೇರಿಂಗೇ ಸಾಯೋದು.

ಕಾರ್ಬ್ ಸೂಜಿ:
ಕ್ಲಚ್ ಸರಿ ಮಾಡಿದ ಮೇಲೂ ತೆವಳಿದರೆ ಐಡಲ್ ನೋಡಿ. ಏರ್ ಫಿಲ್ಟರ್ ತೆಗೆದಾಗ ಕಾರ್ಬ್ಯುರೇಟರ್ ಬಾಯಿಯ ಸಂದು 1 ಮಿ.ಮೀ.ಗಿಂತ ಹೆಚ್ಚಿದ್ದರೆ ಐಡಲ್ ಸ್ಕ್ರೂ ಹಿಂದಕ್ಕೆ ತಿರುಗಿಸಿ. ಲೋ ಸ್ಪೀಡ್ ಸೂಜಿ (ಕಡಿಮೆ ವೇಗದಲ್ಲಿ ಇಂಧನ ಹೊಂದಿಸೋ ಸ್ಕ್ರೂ) ಲೀನ್, ಅಂದ್ರೆ ಇಂಧನ ಕಡಿಮೆ, ಆದಾಗಲೂ ಬಿಸಿಯಾದ ಮೇಲೆ ಐಡಲ್ ಏರುತ್ತೆ, ಜನ ಅದನ್ನು ಕ್ಲಚ್ ಅಂದುಕೊಳ್ತಾರೆ. ಉಲ್ಟಾ, ಥ್ರಾಟಲ್ ಕೊಟ್ಟಾಗ ಎಂಜಿನ್ ಗೊಗ್ಗರು ದನಿಯಲ್ಲಿ ಹೊಗೆ ಉಗುಳಿ ಮಂಕಾದರೆ ಅದು ಮಿಕ್ಸ್ಚರ್ ರಿಚ್ (ಇಂಧನ ಹೆಚ್ಚು), ಕ್ಲಚ್ ಜಾರಿಕೆ ಅಲ್ಲ. ಕ್ಲಚ್ ಜಾರಿದರೆ ದನಿ ಏರಬೇಕು.

ಹೊಗೆಗಾಡಿ:
ಕೊನೇ ಪ್ರಶ್ನೆ. ಕೊಲೆಟ್‌ಗೆ ಆ ಎಣ್ಣೆ ಬಂದಿದ್ದು ಎಲ್ಲಿಂದ? ಎಂಜಿನ್ ಬಿಚ್ಚಬೇಕಾ?

ಟಿಡಿಸಿ:
ಫ್ರಂಟ್ ಬೇರಿಂಗ್‌ನಿಂದ. ಕೊಲೆಟ್ ಕೂರೋದು ಅದರ ಮುಂದೆಯೇ. ಅಲ್ಲಿ ಸ್ವಲ್ಪ ಜಿನುಗೋದು ಸಹಜ, ಇಂಧನದಲ್ಲಿರುವ ಎಣ್ಣೆಯೇ ಆ ಬೇರಿಂಗ್‌ಗೆ ಆಹಾರ. ಫ್ಲೈವೀಲ್ ಹಿಂಬದಿ, ಚಾಸಿ ಎಲ್ಲ ಒದ್ದೆಯಾಗೋಷ್ಟು ಬಂದರೆ ಮಾತ್ರ ಬೇರಿಂಗ್ ಬದಲಿಸಿ. ಅಷ್ಟಾದಾಗ ಅಲ್ಲಿಂದ ಗಾಳಿಯೂ ಒಳಗೆ ಹೋಗಿ ಐಡಲ್ ಕುಣಿಯುತ್ತೆ. ಈಗಿನ ಮಟ್ಟಿಗೆ ಒರೆಸಿ ಜೋಡಿಸಿ, ಹೊಸ ಗೆರೆ ಎಳೆದು ಎರಡು ಟ್ಯಾಂಕ್ ಓಡಿಸಿ. ಬೆಲ್ ಬಿಚ್ಚಿ ಗೆರೆ ನೋಡಿ, ನಟ್ ಇನ್ನೊಮ್ಮೆ ಬಿಗಿ ಮಾಡಿ. ಕೋನ್ ಮೊದಲ ಬಿಸಿಗೆ ಸ್ವಲ್ಪ ಒಳಗೆ ಕೂರುತ್ತೆ, ಅದಕ್ಕೆ.